ಕೊಪಣದ ಬಂಡೆಗಳಲ್ಲಿ ಒಬ್ಬ ಅರಸನ ಅಂತರಂಗ

ಕೊಪ್ಪಳ ಸೀಮೆಯ ಹೆಸರನ್ನೆತ್ತಿದೊಡನೆ ದೂರದವರ ನೆನಪಿಗೆ ಬರುವುದು ಕಿನ್ನಾಳದ ಚಿತ್ರಗಾರರ ಗೊಂಬೆಗಳು. ಹಗುರವಾದ ಮರವನ್ನು ಕಡೆದು ಬಣ್ಣ ತುಂಬುವ ಆ ಮನೆತನಗಳ ಕೀರ್ತಿಯು ಯೋಗ್ಯವಾದುದೇ ಸರಿ. ಆದರೆ ಕಿನ್ನಾಳಕ್ಕೆ ಹೋಗುವವರು ಬಹುಮಟ್ಟಿಗೆ ಕೊಪ್ಪಳವನ್ನು ಹಾದೇ ಹೋಗುವರು. ಹಾದುಹೋಗುವಾಗ ಊರ ಮಗ್ಗುಲಿಗೆ ಎದ್ದು ನಿಂತ ಕಲ್ಲುಗುಡ್ಡಗಳತ್ತ ಕಣ್ಣೆತ್ತಿ ನೋಡುವವರು ವಿರಳ. ಗವಿಸಿದ್ಧೇಶ್ವರನ ಜಾತ್ರೆಗೆ ಪ್ರತಿವರ್ಷವೂ ಲಕ್ಷಾಂತರ ಜನರು ಗವಿಮಠದ ಬುಡದಲ್ಲಿ ಕೂಡುತ್ತಾರೆ. ಅದೇ ಗುಡ್ಡದ ಮೇಲೆ, ಹಾಸುಗಲ್ಲಿನ ನೆರಳಿನಲ್ಲಿ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಮನುಷ್ಯನು ತನ್ನ ಬಾಳಿನ ಒಂದು ವರ್ಷವು ಹೇಗೆ ಸಡಿಲವಾಗಿ ಕಳೆದುಹೋಯಿತೆಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದ್ದಾನೆಂಬ ಸಂಗತಿಯು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿರುವುದೋ ತಿಳಿಯದು.

ಆ ಮನುಷ್ಯನು ಅಶೋಕನು.

ಗವಿಮಠದ ಬರಹವೂ, ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಬರಹವೂ ಬೆಳಕಿಗೆ ಬಂದದ್ದು 1931ರಲ್ಲಿ, ಕೊಪ್ಪಳದ ಎನ್. ಬಿ. ಶಾಸ್ತ್ರಿಗಳ ಕಣ್ಣಿಗೆ ಬಿದ್ದುದರಿಂದ. ಆಗ ಕೊಪ್ಪಳವು ಹೈದರಾಬಾದಿನ ನಿಜಾಮರ ಸೀಮೆಯಲ್ಲಿತ್ತು. ಮರುವರ್ಷವೇ, ಎಂದರೆ 1932ರಲ್ಲಿ, ಆ ರಾಜ್ಯದ ಪ್ರಾಚ್ಯವಸ್ತು ಇಲಾಖೆಯ ಗ್ರಂಥಮಾಲೆಯಲ್ಲಿ ಆರ್. ಎಲ್. ಟರ್ನರ್ ಎಂಬ ಭಾಷಾವಿದ್ವಾಂಸನು ಇವುಗಳ ಪಾಠವನ್ನು ಪ್ರಕಟಿಸಿದನು. ಇದಕ್ಕೆ ಮೊದಲು 1892ರಲ್ಲಿ ರೈಸ್ ಸಾಹೇಬನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬರಹಗಳನ್ನು ಕಂಡುಹಿಡಿದಿದ್ದನು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನಿಗೆ ಮಸ್ಕಿಯ ಬರಹ ಸಿಕ್ಕಿತ್ತು. ಬೇರೆಡೆಗಳಲ್ಲಿ ಬರಿಯ ‘ದೇವಾನಾಂಪ್ರಿಯ’ನೆಂದು ಕರೆದುಕೊಂಡ ಅರಸನು ಅಶೋಕನೇ ಎಂದು ಶಾಸನದ ಬಾಯಿಂದಲೇ ಮೊದಲು ಹೇಳಿಸಿದ ಕೀರ್ತಿಯು ಮಸ್ಕಿಯದು. ಕೊಪ್ಪಳದ ಬರಹಗಳಲ್ಲಿ ಆ ಹೆಸರಿಲ್ಲ. ಆದುದರಿಂದಲೋ ಏನೋ, ಮಸ್ಕಿಗೆ ದೊರೆತ ಪ್ರಸಿದ್ಧಿಯು ಇವುಗಳಿಗೆ ದೊರೆಯಲಿಲ್ಲ. ಇದು ಅನ್ಯಾಯವೆಂದೇ ಹೇಳಬೇಕು; ಏಕೆಂದರೆ ಗವಿಮಠದ ಪಾಠವು ಈ ಗುಂಪಿನಲ್ಲಿ ಅತ್ಯಂತ ಸುಸ್ಥಿತಿಯಲ್ಲಿ ಉಳಿದವುಗಳಲ್ಲೊಂದು.

ಅದರಲ್ಲಿ ಅರಸನು ಹೇಳುವುದೇನು? ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಆ ಕೆಲವೇ ಪಂಕ್ತಿಗಳ ತಾತ್ಪರ್ಯವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು, ಆದರೆ ಅದರಲ್ಲಿ ಒಂದು ವರ್ಷ ತಾನು ಗಟ್ಟಿಯಾಗಿ ಉದ್ಯಮಿಸಲಿಲ್ಲ. ಸಂಘವನ್ನು ಸೇರಿ ಗಟ್ಟಿಯಾಗಿ ಉದ್ಯಮಿಸತೊಡಗಿ ಈಗ ವರ್ಷಕ್ಕೂ ಮೇಲಾಯಿತು. ಈ ಅವಧಿಯಲ್ಲಿ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಬೆರೆತರು. ಇದು ಉದ್ಯಮದ ಫಲ. ದೊಡ್ಡವರಿಗೆ ಮಾತ್ರವೇ ಇದು ಸಾಧ್ಯವೆಂದಲ್ಲ, ಉದ್ಯಮಿಸಿದರೆ ಸಣ್ಣವನಿಗೂ ವಿಪುಲವಾದ ಸ್ವರ್ಗವು ದೊರಕುವುದು. ಸಣ್ಣವರೂ ದೊಡ್ಡವರೂ ಉದ್ಯಮಿಸಲಿ, ಗಡಿಯಾಚೆಯವರೂ ಇದನ್ನು ಅರಿಯಲಿ, ಈ ಉದ್ಯಮವು ಚಿರಕಾಲ ನಿಲ್ಲಲಿ. ಇದು ಬೆಳೆಯುವುದು, ಒಂದೂವರೆಪಾಲಾಗಿ ಬೆಳೆಯುವುದು.

ಇಲ್ಲಿ ‘ಉದ್ಯಮ’ವೆಂದು ಹೇಳಿದ ಸ್ಥಳದಲ್ಲಿ ಅರಸನು ಬಳಸಿದ ಪದವು ‘ಪರಾಕ್ರಮ’ದ ಪ್ರಾಕೃತರೂಪವೆಂಬುದನ್ನು ವಾಚಕರು ಗಮನಿಸಬೇಕು. ರಾಜರ ಬಾಯಲ್ಲಿ ಈ ಪದಕ್ಕೆ ಒಂದೇ ಅರ್ಥ: ಶತ್ರುಸೈನ್ಯದ ಮೇಲೆ ಬೀಳುವುದು. ಮುಂದಿನ ಸಾವಿರಾರು ವರ್ಷಗಳ ಪ್ರಶಸ್ತಿಶಾಸನಗಳಲ್ಲಿಯೂ ಅದೇ ಅರ್ಥವು ನಡೆದುಬಂದಿತು. ಈ ಬಂಡೆಯ ಮೇಲೆ ಮಾತ್ರ ಪರಾಕ್ರಮವೆಂದರೆ ತನ್ನ ಮೇಲೆ ತಾನೇ ಮಾಡುವ ದುಡಿಮೆ. ಮತ್ತು ಅದನ್ನು ತಾನು ಒಂದು ವರ್ಷ ಮಾಡಲಿಲ್ಲವೆಂದು ಪರಾಕ್ರಮಿಯೇ ಒಪ್ಪಿಕೊಳ್ಳುತ್ತಾನೆ.

ದೇವತೆಗಳ ಮಾತು ವಿದ್ವಾಂಸರನ್ನು ಬಹುಕಾಲ ಕಾಡಿತು. ಆ ಶಬ್ದದಲ್ಲಿ ‘ಮೃಷಾ’ ಎಂಬುದನ್ನು ಕಂಡ ಮೊದಲಿನವರು, ನಿಜವೆಂದು ನಂಬಿದ್ದ ದೇವರುಗಳನ್ನು ಅಶೋಕನು ಸುಳ್ಳೆಂದು ಸಾರಿದನೆಂದು ಅರ್ಥಮಾಡಿದರು. ಅದು ‘ಮಿಶ್ರ’ ಶಬ್ದವೆಂಬುದು ಈಗ ನಿಂತ ಅಭಿಪ್ರಾಯ. ಅನ್ಯರ ದೇವರನ್ನು ಜರೆಯುವುದು ಈ ಅರಸನ ಸ್ವಭಾವಕ್ಕೆ ಹೊಂದುವ ಮಾತೂ ಅಲ್ಲ. ಅವನ ಹನ್ನೆರಡನೆಯ ಬಂಡೆಗಲ್ಲಿನ ಆಜ್ಞೆಯು ಪರಪಾಷಂಡನಿಂದೆಯನ್ನೇ ನಿಷೇಧಿಸಿದೆ.

ಇನ್ನು ಈ ಮಾತುಗಳನ್ನು ಆಡಿದಾಗ ಅವನ ವಯಸ್ಸೆಷ್ಟು? ಸಿಂಹಳದ ಮಹಾವಂಶವು ಇದಕ್ಕೊಂದು ಎಳೆಯನ್ನು ಕೊಡುತ್ತದೆ. ಅಶೋಕನ ಪಟ್ಟಾಭಿಷೇಕದ ಆರನೆಯ ವರ್ಷದಲ್ಲಿ ಮಗನಾದ ಮಹೇಂದ್ರನು ಇಪ್ಪತ್ತು ವರ್ಷದವನಾಗಿ ಭಿಕ್ಷುವಾದನೆಂದು ಅಲ್ಲಿದೆ. ಹಾಗಿದ್ದರೆ ಪಟ್ಟವನ್ನೇರಿದಾಗ ತಂದೆಗೆ ಹದಿಹರೆಯದ ಮಗನಿದ್ದನು. ತಂದೆಯು ಮೂವತ್ತನ್ನು ದಾಟಿದ್ದಿರಬೇಕು. ತಂದೆಯಾದ ಬಿಂದುಸಾರನು ತೀರಿಕೊಂಡ ಮೇಲೆ ನಾಲ್ಕು ವರ್ಷಗಳವರೆಗೆ ಅಭಿಷೇಕವೇ ಆಗಲಿಲ್ಲವೆಂದೂ ಅದೇ ಗ್ರಂಥವು ಹೇಳುತ್ತದೆ. ಪಟ್ಟಾಭಿಷೇಕವು ಸುಮಾರು ಕ್ರಿ. ಪೂ. 269ರಲ್ಲಿ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಅಭಿಷೇಕವಾಗಿ ಎಂಟು ವರ್ಷಗಳಾದಾಗ ಕಳಿಂಗಯುದ್ಧ. ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ಒಂದು ಲಕ್ಷ ಜನರು ಹತರಾದರು, ಅದರ ಎಷ್ಟೋ ಮಡಿ ಜನರು ಸತ್ತರೆಂದು ಹದಿಮೂರನೆಯ ಆಜ್ಞೆಯಲ್ಲಿ ಅವನೇ ಲೆಕ್ಕ ಒಪ್ಪಿಸಿದ್ದಾನೆ. ಅಂತೂ ಮೂವತ್ತರ ಹರೆಯವೆಲ್ಲ ಸಿಂಹಾಸನಕ್ಕಾಗಿ ಕಾಯುವುದರಲ್ಲಿಯೂ, ಸಿಂಹಾಸನದ ಮೇಲೆ ಹಿಂದಿನವರು ಮಾಡಿದುದನ್ನೇ ಮಾಡುವುದರಲ್ಲಿಯೂ ಕಳೆದುಹೋಯಿತು. ಹಿಂದಿನವರು ಏನು ಮಾಡುತ್ತಿದ್ದರೆಂಬುದನ್ನೂ ಅವನು ಮುಚ್ಚಿಡಲಿಲ್ಲ. ಎಂಟನೆಯ ಆಜ್ಞೆಯಲ್ಲಿ, ಅರಸರು ವಿಹಾರಯಾತ್ರೆಯೆಂದು ಹೊರಡುತ್ತಿದ್ದರು, ಬೇಟೆಯೂ ಅಂತಹ ಇತರ ವಿನೋದಗಳೂ ಅದರಲ್ಲಿದ್ದುವು ಎನ್ನುತ್ತಾನೆ. ತಿರುಗಾಟವೇನೋ ಇತ್ತು, ಹೋಗಬೇಕಾದ ಸ್ಥಳವೊಂದಿರಲಿಲ್ಲ. ಹತ್ತು ವರ್ಷಗಳಾದ ಮೇಲೆ ಅವನು ಸಂಬೋಧಿಗೆ, ಎಂದರೆ ಬುದ್ಧನಿಗೆ ಬೋಧೆಯಾದ ಸ್ಥಳಕ್ಕೆ, ಹೋದನು. ಅಲ್ಲಿಂದ ಮುಂದೆ ಆ ತಿರುಗಾಟಕ್ಕೇ ಧರ್ಮಯಾತ್ರೆಯೆಂದು ಹೆಸರಾಯಿತು.

ಈ ಬದಲಾವಣೆಯನ್ನು ಬೌದ್ಧಕಥೆಗಳು ಹೇಳುವ ಬಗೆಯೇ ಬೇರೆ. ಸಿಂಹಳದ ಕಥೆಯಲ್ಲಿ ನಿಗ್ರೋಧನೆಂಬ ಎಳೆಯ ಶ್ರಾಮಣೇರನು ಬೀದಿಯಲ್ಲಿ ಶಾಂತನಾಗಿ ನಡೆದುಹೋಗುವುದನ್ನು ಉಪ್ಪರಿಗೆಯಿಂದ ಕಂಡು ಅರಸನ ಮನಸ್ಸು ಕರಗುತ್ತದೆ. ಸಂಸ್ಕೃತದ ಅಶೋಕಾವದಾನದಲ್ಲಿ ಸಮುದ್ರನೆಂಬ ಭಿಕ್ಷುವು ಕುದಿಯುವ ಕೊಪ್ಪರಿಗೆಯಲ್ಲಿಯೂ ಬೇಯದೆ ಕುಳಿತುದನ್ನು ಕಂಡು ಚಂಡಾಶೋಕನು ಧರ್ಮಾಶೋಕನಾಗುತ್ತಾನೆ. ಈಚಿನ ಶಾಲಾಪಾಠಗಳಲ್ಲಿ ಭಿಕ್ಷುವಿನ ಸ್ಥಳಕ್ಕೆ ಕಳಿಂಗದ ರಣಭೂಮಿಯು ಬಂದು ನಿಂತಿದೆ: ಹೆಣಗಳನ್ನು ನೋಡಿದನು, ಕತ್ತಿಯನ್ನು ಬಿಸುಟನು, ಸಾಧುವಾದನು. ಎಲ್ಲ ಕಥೆಗಳಲ್ಲಿಯೂ ಬೇಕಾಗುವ ಕಾಲ ಒಂದು ಕ್ಷಣ ಮಾತ್ರ. ಬಂಡೆಯ ಲೆಕ್ಕವು ಹಾಗಿಲ್ಲ. ಅಲ್ಲಿ ಎರಡೂವರೆ ವರ್ಷಗಳಿವೆ. ಅದರಲ್ಲಿ ಒಂದು ಪೂರ್ತಿ ವರ್ಷ ಏನೂ ಆಗಲಿಲ್ಲ. ಮನಸ್ಸಿಗೆ ಹಿಡಿಸಿದ ದಾರಿಯೊಂದು ಸಿಕ್ಕಿತ್ತು, ಅದನ್ನು ಒಪ್ಪಿಯೂ ಆಗಿತ್ತು; ಆದರೂ ಕಾಲು ಮುಂದೆ ಬರಲಿಲ್ಲ. ದಾರಿ ಕಾಣದವನ ಕಷ್ಟವನ್ನು ಪುರಾಣಗಳು ಬೇಕಾದಷ್ಟು ವರ್ಣಿಸಿವೆ. ದಾರಿಯನ್ನು ಕಂಡೂ ನಡೆಯದೆ ನಿಂತವನ ಕಷ್ಟವನ್ನು ಹೇಳುವ ಬರಹಗಳು ಕಡಮೆ. ಅಂತಹ ಬರಹವೊಂದು ಒಬ್ಬ ಸಾರ್ವಭೌಮನಿಂದ ಬಂದು, ಅದೂ ಕೊಪ್ಪಳದ ಗುಡ್ಡದ ಮೇಲೆ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ.

ಕಥೆಗಾರರನ್ನು ತಪ್ಪೆನ್ನಬೇಕಾಗಿಲ್ಲ, ಅವರಿಗೆ ಕೇಳುಗರು ಬೇಕಾಗಿದ್ದರು. ಆದರೆ ಅರಸನಿಗೂ ಕೇಳುಗರು ಬೇಕಾಗಿದ್ದರಲ್ಲವೆ? ಆ ಆಲಸ್ಯದ ವರ್ಷವನ್ನು ಬಿಟ್ಟುಬಿಡುವಂತೆ ಹೇಳುವ ಮಂತ್ರಿಗಳು ಅವನ ಸಭೆಯಲ್ಲಿ ಇದ್ದಿರಲೇಬೇಕು. ಅವನು ಬಿಡಲಿಲ್ಲ, ಏಕೆಂದರೆ ಮುಂದಿನ ವಾಕ್ಯವು ಅದರ ಮೇಲೆಯೇ ನಿಂತಿದೆ. ಉದ್ಯಮಿಸದ ಒಂದು ವರ್ಷವನ್ನೂ ಉದ್ಯಮಿಸಿದ ಒಂದು ವರ್ಷವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದರಲ್ಲವೆ, ಸಣ್ಣವನಿಗೂ ಇದು ಸಾಧ್ಯವೆಂಬ ಮಾತಿಗೆ ಆಧಾರ ದೊರಕುವುದು? ಆರಂಭದಿಂದಲೇ ದೃಢನಾಗಿದ್ದ ಅರಸನು ಹೀಗೆ ಹೇಳಿದ್ದರೆ ಅದು ಬರಿಯ ಉಪದೇಶವಾಗುತ್ತಿತ್ತು.

ಸಂಘವನ್ನು ‘ಸೇರಿದನು’ ಎಂಬ ಮಾತಿನ ಮೇಲೂ ಚರ್ಚೆ ನಡೆದಿದೆ. ಅವನು ಕಿರೀಟವನ್ನಿಟ್ಟುಕೊಂಡೇ ಕಾಷಾಯವನ್ನು ಧರಿಸಿದನೆಂದು ಕೆಲವರ ಮತ. ಏಳನೆಯ ಶತಮಾನದ ಚೀನದ ಯಾತ್ರಿಕ ಇತ್ಸಿಂಗನು ಭಿಕ್ಷುವೇಷದ ಅಶೋಕನ ಪ್ರತಿಮೆಯೊಂದನ್ನು ಕುರಿತು ಬರೆದುದು ಅವರಿಗೆ ಆಧಾರ. ಸಂಘದ ಸಮೀಪಕ್ಕೆ ಹೋಗಿ ಅಲ್ಲಿನವರ ಸಹವಾಸದಲ್ಲಿ ಕೆಲಕಾಲ ಇದ್ದನೆಂದು ಇತರರ ಮತ. ಎರಡನೆಯದೇ ಶಾಸನದ ಮಾತಿಗೆ ಹೆಚ್ಚು ಹೊಂದುತ್ತದೆ. ಅವನ ತಾತನಾದ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ ಭದ್ರಬಾಹುವಿನ ಹಿಂದೆ ಶ್ರವಣಬೆಳಗೊಳಕ್ಕೆ ಬಂದು ಅಲ್ಲಿಯೇ ದೇಹವನ್ನು ಬಿಟ್ಟನೆಂದು ಜೈನರ ಐತಿಹ್ಯವಿದೆ. ಮೊಮ್ಮಗನು ಹಾಗೆ ಬಿಟ್ಟುಹೋಗಲಿಲ್ಲ. ಅದೇ ಅರಮನೆ, ಅದೇ ಕಡತಗಳು, ಅದೇ ಮಹಾಮಾತ್ರರು. ಅವುಗಳ ನಡುವೆಯೇ ಕುಳಿತು ಸ್ಥೈರ್ಯವನ್ನು ಹುಡುಕಬೇಕಾಯಿತು.

ಅದು ಎಷ್ಟು ನಿಧಾನದ ಕೆಲಸವೆಂಬುದಕ್ಕೆ ಅವನ ಅಡಿಗೆಮನೆಯೇ ಸಾಕ್ಷಿ. ಮೊದಲನೆಯ ಆಜ್ಞೆಯ ಪ್ರಕಾರ ಹಿಂದೆ ಅರಮನೆಯ ಪಾಕಶಾಲೆಯಲ್ಲಿ ದಿನಕ್ಕೆ ಲಕ್ಷಾಂತರ ಪ್ರಾಣಿಗಳ ವಧೆಯಾಗುತ್ತಿತ್ತು. ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ಪ್ರತಿದಿನವಲ್ಲ. ಮುಂದೆ ಇವೂ ಇಲ್ಲ. ಆ ಎರಡು ನವಿಲುಗಳನ್ನು ಹೇಳದೆ ಬಿಟ್ಟಿದ್ದರೆ ಕೇಳುವವರಾರು? ಕಳಿಂಗವನ್ನೂ ಅವನು ಹಿಂದಕ್ಕೆ ಕೊಡಲಿಲ್ಲ. ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಆಜ್ಞೆಯನ್ನು ಕಳಿಂಗದ ಧೌಳಿ, ಜೌಗಡಗಳಲ್ಲಿ ಕೆತ್ತಿಸಲೂ ಇಲ್ಲ. ಅದೇ ಆಜ್ಞೆಯಲ್ಲಿ ಅಡವಿಯ ಜನರಿಗೆ ಎಚ್ಚರಿಕೆಯ ಮಾತೂ ಇದೆ. ಮರಣದಂಡನೆಯನ್ನೂ ತೆಗೆದುಹಾಕಲಿಲ್ಲ, ಇಪ್ಪತ್ತಾರು ವರ್ಷಗಳಾದ ಮೇಲಿನ ಸ್ತಂಭಶಾಸನದಲ್ಲಿ ಮೂರು ದಿನಗಳ ಗಡುವನ್ನು ಮಾತ್ರ ಕೊಟ್ಟನು. ಇವನ್ನು ಮರೆಸಿ ಅವನನ್ನು ದೇವರನ್ನಾಗಿ ಮಾಡುವುದು ಅವನ ಬರಹಕ್ಕೇ ಅಪಚಾರ.

ಈ ಮಾತು ಕೊಪ್ಪಳಕ್ಕೆ ಬಂದ ದಾರಿಯೂ ಕುತೂಹಲಕರವಾದುದು. ಬ್ರಹ್ಮಗಿರಿಯ ಪ್ರತಿಯ ಮೊದಲಿಗೆ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ಕೇಳಿ ಇದನ್ನು ಕಳುಹಿಸಿದರೆಂದಿದೆ. ಆ ಸುವರ್ಣಗಿರಿಯು ಗಂಗಾವತಿಯ ಬಳಿಯ ಕನಕಗಿರಿಯೇ ಎಂದು ಕೆಲವು ಪಂಡಿತರು ಊಹಿಸಿದ್ದಾರೆ. ಹೆಸರಿನ ಅರ್ಥವು ಒಂದೇ. ಬೇರೆ ಸ್ಥಳಗಳನ್ನು ಸೂಚಿಸುವವರೂ ಇದ್ದಾರೆ. ಎಲ್ಲಿಯೇ ಇರಲಿ, ದಕ್ಷಿಣದ ಆಡಳಿತವು ಈ ಚಿನ್ನದ ಸೀಮೆಯ ಸುತ್ತಲೇ ಇದ್ದಿತೆಂಬುದಕ್ಕೆ ಮಸ್ಕಿ, ಕೊಪ್ಪಳ, 1970ರ ದಶಕದ ಕೊನೆಯಲ್ಲಿ ಬಳ್ಳಾರಿಯ ಕಡೆ ದೊರೆತ ನಿಟ್ಟೂರು, ಉಡೇಗೋಳಗಳ ಬರಹಗಳೇ ಸಾಕ್ಷಿ. ಈ ಘೋಷಣೆಯ ಕೆಲವು ಪ್ರತಿಗಳ ಕೊನೆಗೆ 256 ಎಂಬ ಸಂಖ್ಯೆಯಿದೆ. ಅದನ್ನು ಬುದ್ಧನಿರ್ವಾಣದಿಂದ ಕಳೆದ ವರ್ಷಗಳೆಂದು ಒಂದು ಕಾಲಕ್ಕೆ ಎಣಿಸಿ ದೊಡ್ಡ ಕಾಲಗಣನೆಗಳನ್ನು ಕಟ್ಟಿದರು. ಅದು ಅರಸನು ಮನೆಯಿಂದ ಹೊರಗೆ ಯಾತ್ರೆಯಲ್ಲಿ ಕಳೆದ ರಾತ್ರಿಗಳ ಸಂಖ್ಯೆಯೆಂಬುದು ಈಗಿನ ಅಭಿಪ್ರಾಯ. ಎಂದರೆ ಎಂಟೂವರೆ ತಿಂಗಳು.

ಕೇಳಿದವರಾರು? ಆ ಕಾಲದಲ್ಲಿ ಈ ಸೀಮೆಯ ಜನರು ಕಬ್ಬಿಣವನ್ನು ಬಲ್ಲವರು, ಸತ್ತವರಿಗಾಗಿ ದೊಡ್ಡ ಕಲ್ಲುಗಳನ್ನು ನಿಲ್ಲಿಸುತ್ತಿದ್ದವರು. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅಂತಹ ನೂರಾರು ಕಲ್ಮನೆಗಳು ಇಂದಿಗೂ ನಿಂತಿವೆ. ಜನರು ಅವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಈ ಹೆಸರಿಗೂ ಮೌರ್ಯವಂಶಕ್ಕೂ ಗಂಟುಹಾಕುವ ಆಸೆಯು ಯಾರಿಗಾದರೂ ಆಗುವುದು ಸಹಜ, ಆದರೆ ಧ್ವನಿಸಾಮ್ಯವೊಂದೇ ಪ್ರಮಾಣವಾಗಲಾರದು. ಪ್ರಾಕೃತವು ಅವರ ಮನೆಮಾತಾಗಿರಲಿಲ್ಲ. ರಾಜಪುರುಷನೊಬ್ಬನು ಓದಿ, ಇನ್ನೊಬ್ಬನು ಅವರ ಮಾತಿನಲ್ಲಿ ಬಿಡಿಸಿ ಹೇಳಿರಬೇಕು. ಪಾಟಲಿಪುತ್ರದ ದೊರೆಯು ಒಂದು ವರ್ಷ ಮೈಗಳ್ಳನಾಗಿದ್ದನೆಂಬ ವಾರ್ತೆಯನ್ನು ಕೇಳಿದ ಆ ಜನರ ಮುಖಭಾವವು ಯಾವ ಶಾಸನದಲ್ಲಿಯೂ ದಾಖಲಾಗಿಲ್ಲ.

ಅಶೋಕನಾದ ಮೇಲೆ ಸುಮಾರು ಒಂಬೈನೂರು ವರ್ಷಗಳಾಚೆಗೆ ಇದೇ ಕೊಪ್ಪಳವು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿ ಬೆಳೆಯಿತು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣನಗರವೂ ಒಂದು. ಆ ಕಾಲದ ಒಂದು ಗುರುತು ಪಾಲ್ಕಿಗುಂಡಿನ ಮೇಲೆ, ಅಶೋಕನ ಬರಹದ ಸಮೀಪದಲ್ಲಿಯೇ ಇದೆ. ಬಂಡೆಗಳ ಮೇಲೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ನಿಂತ ಹಾಸುಗಲ್ಲಿನಿಂದ ಆ ಗುಡ್ಡಕ್ಕೆ ಹೆಸರು ಬಂದಿದೆ. ಅಲ್ಲಿ ಎರಡು ಪಾದಗಳನ್ನು ಕೆತ್ತಿದೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ, ಅವುಗಳನ್ನು ಮಾಡಿಸಿದವನು ಚಾವಯ್ಯನೆಂದೂ ಹಳಗನ್ನಡದ ಚಿಕ್ಕ ಬರಹವು ಹೇಳುತ್ತದೆ.

ಈ ಜಟಾಸಿಂಹನಂದಿಯು ಸಂಸ್ಕೃತದಲ್ಲಿ ವರಾಂಗಚರಿತವನ್ನು ಬರೆದ ಕವಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಏಳನೆಯ ಶತಮಾನದ ಆ ಕಾವ್ಯವನ್ನು ಎಂಟನೆಯ ಶತಮಾನದ ಉದ್ಯೋತನಸೂರಿ, ಹರಿವಂಶದ ಜಿನಸೇನರು ನೆನೆದಿದ್ದಾರೆ. ಕನ್ನಡದಲ್ಲಿ ಪಂಪನು ಕವಿಯನ್ನು ಸ್ಮರಿಸಿದ್ದಾನೆ. ಬಹುಕಾಲ ಹೆಸರಷ್ಟೇ ಉಳಿದಿದ್ದ ಈ ಕಾವ್ಯವನ್ನು ಆ. ನೇ. ಉಪಾಧ್ಯೆಯವರು ತಾಳೆಯೋಲೆಗಳಿಂದ ಉದ್ಧರಿಸಿ 1938ರಲ್ಲಿ ಅಚ್ಚು ಹಾಕಿಸಿದರು. ಮೂವತ್ತೊಂದು ಸರ್ಗಗಳ ಈ ಕಾವ್ಯದ ಕಥೆಯೂ ನೆಲೆತಪ್ಪಿದವನ ಕಥೆಯೇ ಆಗಿರುವುದು ಆಶ್ಚರ್ಯಕರವಾಗಿದೆ.

ಉತ್ತಮಪುರದ ಧರ್ಮಸೇನನ ಮಗನಾದ ವರಾಂಗನಿಗೆ ಯುವರಾಜಪಟ್ಟವಾಗುತ್ತದೆ. ಮಲತಾಯಿಯೂ ಅವಳ ಮಗ ಸುಷೇಣನೂ ಮಂತ್ರಿಯೊಡನೆ ಕೂಡಿ, ವಿಪರೀತವಾಗಿ ಪಳಗಿಸಿದ ಕುದುರೆಯೊಂದನ್ನು ಅವನಿಗೆ ಒದಗಿಸುತ್ತಾರೆ. ಕಡಿವಾಣವನ್ನು ಎಳೆದಷ್ಟೂ ಓಡುವ ಕುದುರೆ! ಅದು ಅವನನ್ನು ಗುರುತಿಲ್ಲದ ಕಾಡಿಗೆ ಒಯ್ದು ಬಾವಿಗೆ ಬೀಳುತ್ತದೆ. ಬದುಕಿ ಮೇಲೆ ಬಂದವನಿಗೆ ಹುಲಿ, ಮೊಸಳೆ, ಬಲಿಕೊಡಲೆಂದು ಹಿಡಿದೊಯ್ಯುವ ಪುಳಿಂದರು. ಕೊನೆಗೆ ಸಾಗರವೃದ್ಧಿಯೆಂಬ ವರ್ತಕನ ಸಾರ್ಥವು ಎದುರಾಗುತ್ತದೆ. ಅವನು ತನ್ನ ಕುಲವನ್ನೂ ಹೆಸರನ್ನೂ ಹೇಳುವುದಿಲ್ಲ. ಸಾರ್ಥದ ಮೇಲೆ ಕಳ್ಳರು ಬಿದ್ದಾಗ ಕಾದಿ ಕಾಪಾಡುತ್ತಾನೆ. ಅವನಿಗೆ ‘ಕಶ್ಚಿದ್ಭಟ’ನೆಂಬ ಹೆಸರು ನಿಲ್ಲುತ್ತದೆ. ಯಾವನೋ ಒಬ್ಬ ಭಟ, ಅಷ್ಟೆ. ಲಲಿತಪುರದಲ್ಲಿ ವರ್ತಕರ ನಡುವೆ ವರ್ತಕನಾಗಿಯೇ ಅವನ ಕಾಲವು ಸಾಗುತ್ತದೆ. ಮಥುರೆಯ ಅರಸನು ಲಲಿತಪುರದ ಮೇಲೆ ದಂಡೆತ್ತಿ ಬಂದಾಗ ಮತ್ತೆ ಆಯುಧವನ್ನು ಹಿಡಿದು ಗೆಲ್ಲುತ್ತಾನೆ, ರಾಜಪುತ್ರಿಯನ್ನು ವರಿಸುತ್ತಾನೆ. ಮುಂದೆ ತಂದೆಗೆ ವಿಪತ್ತು ಬಂದಾಗ ಗುರುತು ಬಯಲಾಗಿ ಮನೆಗೆ ಮರಳುತ್ತಾನೆ. ಮರಳಿದವನು ಸುಷೇಣನನ್ನು ಕ್ಷಮಿಸಿ, ಆನರ್ತಪುರದಲ್ಲಿ ತನ್ನದೇ ರಾಜ್ಯವನ್ನು ಕಟ್ಟುತ್ತಾನೆ. ಬಹುಕಾಲ ಆಳಿದ ಮೇಲೆ ಅದನ್ನೂ ಮಗನಿಗೆ ಒಪ್ಪಿಸಿ ದೀಕ್ಷೆಯನ್ನು ಪಡೆಯುತ್ತಾನೆ.

ಕಾವ್ಯದ ಬಹುಭಾಗವು ಧರ್ಮೋಪದೇಶ. ಸಾಮಾನ್ಯ ವಾಚಕನಿಗೆ ಅದು ದೀರ್ಘವೆನಿಸದಿರದು. ಆದರೆ ಆ ಕಶ್ಚಿದ್ಭಟನ ಪ್ರಸಂಗದಲ್ಲಿ ಕವಿಯು ಒಂದು ಸೂಕ್ಷ್ಮವನ್ನು ಕಂಡಿದ್ದಾನೆ. ಅರಮನೆಯಲ್ಲಿದ್ದಾಗ ವರಾಂಗನಿಗೆ ಹೆಸರಿತ್ತು, ಪಟ್ಟವಿತ್ತು, ಅರಸಿಯರಿದ್ದರು. ಅವೆಲ್ಲ ಇತರರು ಕೊಟ್ಟವು. ಹೆಸರಿಲ್ಲದ ಕಾಲದಲ್ಲಿ ಅವನಿಗೆ ದೊರೆತ ನೆಲೆಯು ಅವನ ಕೈಯ ಕೆಲಸದಿಂದ ಬಂದುದು. ಅಶೋಕನಿಗೆ ಹೆಸರು ಹೋಗಲಿಲ್ಲ, ನೆಲೆ ಹೋಗಲಿಲ್ಲ. ಇಡೀ ಜಂಬೂದ್ವೀಪವೇ ಅವನ ನೆಲೆ. ಆದರೂ ಅವನು ‘ಚಿರಸ್ಥಿತಿ’ಯೆಂಬ ಪದವನ್ನು ತನ್ನ ರಾಜ್ಯಕ್ಕಲ್ಲದೆ ತನ್ನ ಉದ್ಯಮಕ್ಕೆ ಬಳಸಿದನು. ಇಬ್ಬರ ಉತ್ತರಗಳೂ ಕೊನೆಯಲ್ಲಿ ಬೇರೆ: ವರಾಂಗನು ಅರಸುತನವನ್ನು ಬಿಟ್ಟನು, ಅಶೋಕನು ಬಿಡದೆ ಉಳಿದನು. ಬಿಟ್ಟುಹೋಗುವುದೇ ಹೆಚ್ಚಿನದೆಂದು ಕೊಪಣದ ಮುನಿಗಳು ಹೇಳಿದ್ದಾರು. ಕ್ರಿ. ಶ. 881ರ, ಎಂದರೆ ಶಕ 803ರ, ಇಲ್ಲಿಯದೇ ಒಂದು ಶಾಸನದಲ್ಲಿ ಸರ್ವನಂದಿಯೆಂಬ ಮುನಿಯು ಊರ ಜನರಿಗೆ ಧರ್ಮವನ್ನು ಬೋಧಿಸುತ್ತ, ಬಹುಕಾಲ ತಪವನ್ನಾಚರಿಸಿ ಸಮಾಧಿಯನ್ನು ಹೊಂದಿದ ಸಂಗತಿಯಿದೆ. ಅವನೂ ಬಿಟ್ಟು ಬಂದವನೇ; ಆದರೆ ಬಂದ ಮೇಲೆ ಊರಿನ ಕೆಲಸವನ್ನು ಬಿಟ್ಟವನಲ್ಲ.

ಚಾವಯ್ಯನು ಆಚಾರ್ಯರ ಪಾದಗಳನ್ನು ಕೆತ್ತಿಸಿದಾಗ ಸಮೀಪದ ಹಳೆಯ ಅಕ್ಷರಗಳನ್ನು ಓದಬಲ್ಲವರು ಕೊಪಣದಲ್ಲಿ ಇದ್ದಿರಲಾರರು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಹನು ಅಶೋಕನ ಕಂಬಗಳನ್ನು ದಿಲ್ಲಿಗೆ ಸಾಗಿಸಿ ಪಂಡಿತರನ್ನು ಕೇಳಿದಾಗಲೂ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ; ಆ ಲಿಪಿಯ ಗುಟ್ಟು ಪ್ರಿನ್ಸೆಪ್ ಪಂಡಿತನಿಗೆ ಬಿಚ್ಚಿಕೊಂಡದ್ದು 1837ರಲ್ಲಿ. ಆದರೂ ಪಾದಗಳನ್ನು ಕೆತ್ತಿದವರು ಆ ಬರಹಕ್ಕೆ ಉಳಿಯನ್ನು ತಾಗಿಸಲಿಲ್ಲ. ಪಾಲ್ಕಿಗುಂಡಿನ ಪ್ರತಿಯು ಗಾಳಿಮಳೆಗೆ ಸವೆದು ಕೆಲವೇ ಅಕ್ಷರಗಳಾಗಿ ಉಳಿದಿದೆ. ಆಲಸ್ಯದ ಆ ಒಂದು ವರ್ಷದ ಲೆಕ್ಕವನ್ನು ಪೂರ್ತಿಯಾಗಿ ಓದಬೇಕೆನ್ನುವವರು ಗವಿಮಠದ ಗುಡ್ಡವನ್ನೇ ಹತ್ತಬೇಕು.